ಬೆಳಿಗ್ಗೆ ಕೊಯ್ಸಿಕೊಂಡು ಸಂಜೆ ಮನೆಗೆ

"ಅದು ಆಗದ ಮಾತು" ಎಂದು ಮೊದಲು ಹೇಳಿದವರು ನಮ್ಮ ನಂಜತ್ತೆ.

ನಂಜತ್ತೆ ನನ್ನ ತಂದೆಯ ಅಕ್ಕ. ನನ್ನ ಬಾಳಿನಲ್ಲಿ ಏನೇನು ಆಗುವುದಿಲ್ಲ ಎಂಬುದನ್ನು ಮುಂಗಡವಾಗಿ ಘೋಷಿಸುವ ಅಧಿಕಾರ ಮೊದಲಿನಿಂದಲೂ ಅವರದೇ. ಕಾಫಿ ತೋಟದ ಮೇಸ್ತ್ರಿಯ ಮಗ ಹೈಸ್ಕೂಲು ಮುಗಿಸುವುದು ಆಗದ ಮಾತು ಎಂದರು. ಮುಗಿಸಿದೆ. ಮೈಸೂರಿಗೆ ಹೋಗಿ ಬಿ.ಎ. ಮಾಡುವುದಂತೂ ಸುತರಾಂ ಆಗದ ಮಾತು ಎಂದರು. ಒಂದು ಸಲ ಗೋತಾ ಹೊಡೆದು, ಮತ್ತೆ ಕಟ್ಟಿ, ಅದನ್ನೂ ಮಾಡಿದೆ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಎರಡಕ್ಷರ ಬರೆದುಕೊಂಡ ಮೊದಲಿಗ ನಾನು. ನನ್ನ ಹಿಂದಿನವರೆಲ್ಲ ಹೆಬ್ಬೆಟ್ಟಿನ ಗುರುತಿನಲ್ಲೇ ತೃಪ್ತರಾಗಿದ್ದರು.

ತಂದೆ ತಾಯಿ ಇಬ್ಬರೂ ಬೇಗ ಹೋದ ಮೇಲೆ ನನ್ನನ್ನು ಸಾಕಿದವರು ಈ ನಂಜತ್ತೆಯೇ. ಆಗದ ಮಾತು, ಆಗದ ಮಾತು ಎನ್ನುತ್ತಲೇ ಕಂಬಳಿಕೊಪ್ಪೆ ಹೊದ್ದು ತೋಟಕ್ಕೆ ಹೋಗಿ, ಹಣ್ಣು ಕುಯ್ದು, ನನ್ನ ಫೀಸು ದುಡಿದು ತಂದವರೂ ಅವರೇ. ಪದವೀಧರನಾದ ಮೇಲೆ ಈ ಎರಡನೆಯ ಸಂಗತಿಯನ್ನು ನಾನು ಎಲ್ಲರ ಮುಂದೆ ಹೇಳುತ್ತಿರಲಿಲ್ಲ.

ಹೀಗಿರುವಾಗ, ಒಬ್ಬ ಮನುಷ್ಯನನ್ನು ಬೆಳಿಗ್ಗೆ ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿ, ಎಚ್ಚರ ತಪ್ಪಿಸಿ, ಕೊಯ್ದು, ಕಟ್ಟು ಕಟ್ಟಿ ಅದೇ ಸಂಜೆ ಮನೆಗೆ ಕಳಿಸುವುದು ಆಗದ ಮಾತು ಎಂದು ಅತ್ತೆ ಅಂದಾಗ ನನಗೆ ಒಳಗೊಳಗೇ ಸಂತೋಷವಾಯಿತು. ಅತ್ತೆ ಆಗದು ಎಂದರೆ ಆಗಿಯೇ ತೀರುತ್ತದೆ!

ಕೊಯ್ಯಬೇಕಾಗಿದ್ದ ಸ್ಥಳ ಯಾವುದೆಂದು ಹೇಳಲೇಬೇಕು. ಮುಚ್ಚಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಅದು ನಾನು ಕುಳಿತುಕೊಳ್ಳುವ ಸ್ಥಳ. ವಿದ್ಯಾರ್ಥಿನಿಲಯದ ಗಟ್ಟಿ ಹಲಗೆಯ ಮೇಲೆ ವರ್ಷಗಟ್ಟಲೆ ಕುಳಿತು ಓದಿದ್ದರ ಫಲವಾಗಿ ನನಗೆ ಎರಡು ಬಿರುದುಗಳು ದೊರೆತಿದ್ದವು. ಒಂದು ಬಿ.ಎ. ಇನ್ನೊಂದು, ವಾಸಿಯಾದಂತೆ ನಟಿಸಿ ಮತ್ತೆ ಮತ್ತೆ ಏಳುತ್ತಿದ್ದ ಒಂದು ಕುರು. ಮೊದಲನೆಯದನ್ನು ಗೋಡೆಗೆ ತೂಗುಹಾಕಿದ್ದೆ. ಎರಡನೆಯದನ್ನು ಯಾರಿಗೂ ತೋರಿಸುವಂತಿರಲಿಲ್ಲ.

ಆಗ ಎರಡನೆಯ ಮಹಾಯುದ್ಧದ ಕಾಲ. ಚಿಕ್ಕಮಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ನನಗೆ ಗುಮಾಸ್ತನ ಜಾಗ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಡಾಕ್ಟರ ಸರ್ಟಿಫಿಕೇಟಿನೊಡನೆ ಹಾಜರಾಗಬೇಕು. ತಪ್ಪಿದರೆ ಜಾಗ ನನ್ನ ಹಿಂದೆ ಕಾಯುತ್ತಿದ್ದ ಇನ್ನೊಬ್ಬನಿಗೆ. ಸರ್ಟಿಫಿಕೇಟಿಗೆಂದು ಹೋದಾಗ ಡಾಕ್ಟರು ಕಣ್ಣು ನೋಡಿದರು, ಹಲ್ಲು ನೋಡಿದರು, ಎದೆಗೆ ನಳಿಗೆ ಇಟ್ಟು ಕೇಳಿದರು. ಎಲ್ಲ ಸರಿಯಾಗಿತ್ತು.

"ಕೂತ್ಕೊಳ್ಳಿ, ಬರೆದುಕೊಡ್ತೀನಿ" ಎಂದರು.

"ಪರವಾಗಿಲ್ಲ ಸರ್."

"ಕೂತ್ಕೊಳ್ರೀ."

ಕುಳಿತೆ. ಕುಳಿತ ವೇಗದಲ್ಲೇ ಎದ್ದೆ!

ಡಾಕ್ಟರು ಲೇಖನಿ ಕೆಳಗಿಟ್ಟರು. ಪರದೆಯ ಹಿಂದೆ ಕರೆದುಕೊಂಡು ಹೋಗಿ ಪರೀಕ್ಷಿಸಿದರು. "ಕೂರೋಕೇ ಆಗದವರನ್ನ ಗುಮಾಸ್ತಗಿರಿಗೆ ಯೋಗ್ಯ ಅಂತ ನಾನು ಹೇಗ್ರೀ ಬರೆಯಲಿ? ಶನಿವಾರ ಬೆಳಿಗ್ಗೆ ಬನ್ನಿ. ಕೊಯ್ದು, ತೊಳೆದು ಕಟ್ಟು ಕಟ್ತೀನಿ. ಸಂಜೆ ಮನೆಗೆ ಹೋಗಬಹುದು. ಹೋಗುವಾಗ ಸರ್ಟಿಫಿಕೇಟೂ ಕೊಡ್ತೀನಿ. ಆದರೆ ರಾತ್ರಿ ಇಲ್ಲೇ ಉಳಿದ್ರೋ, ನೀವು ನನ್ನ ವಾರ್ಡಿನ ರೋಗಿ. ಮಂಚದ ಮೇಲಿರೋ ರೋಗಿಗೆ ಆರೋಗ್ಯವಂತ ಅಂತ ಬರೆಯೋಕಾಗಲ್ಲ. ಭಾನುವಾರ ನಾನು ಊರಲ್ಲಿರಲ್ಲ." ಅನಂತರ ನಿಯಮಗಳನ್ನು ಹೇಳಿದರು: ಖಾಲಿ ಹೊಟ್ಟೆಯಲ್ಲಿ ಬರಬೇಕು, ಮನೆಯವರೊಬ್ಬರನ್ನು ಕರೆತರಬೇಕು.

ಎರಡೇ ನಿಯಮ. ಷೇಕ್ಸ್‌ಪಿಯರನನ್ನು ಅರ್ಥಮಾಡಿಕೊಂಡವನಿಗೆ ಇದೇನು ಮಹಾ!

ಆಲ್ದೂರಿನ ಹತ್ತಿರದ ನಮ್ಮ ಮನೆಗೆ ಬಂದವನೇ ಹೆಂಡತಿ ಗೌರಿಯನ್ನೂ ಅತ್ತೆಯನ್ನೂ ಮುಂದೆ ನಿಲ್ಲಿಸಿಕೊಂಡು ಉಪನ್ಯಾಸ ಕೊಟ್ಟೆ. ಪ್ರಸಕ್ತ ಶತಮಾನದಲ್ಲಿ ಶಸ್ತ್ರವೈದ್ಯವು ಅಪಾರ ಪ್ರಗತಿಯನ್ನು ಸಾಧಿಸಿರುವುದರಿಂದ ರೋಗಿಯು ಸೂರ್ಯಾಸ್ತದೊಳಗೆ ಸ್ವಗೃಹಕ್ಕೆ ಮರಳತಕ್ಕದ್ದು ಎಂದೆ. ಗೌರಿ ಎಳೆಕೂಸನ್ನು ತಟ್ಟುತ್ತ ಕೇಳಿದಳು:

"ಹಂಗಾದ್ರೆ ರಾತ್ರಿ ಊಟಕ್ಕೆ ಅಕ್ಕಿ ಹಾಕಲಾ, ಬೇಡ್ವಾ?"

"ಧಾರಾಳವಾಗಿ ಹಾಕು!"

"ಆಗದ ಮಾತು" ಎಂದರು ಅತ್ತೆ. "ಹಲಸಿನಕಾಯಿ ಕೊಯ್ದರೂ ಅಂಟು ಆರೋಕೆ ಒಂದು ದಿನ ಬೇಕು ಮಾರಾಯ. ಇವನು ಮನುಷ್ಯ! ಗೌರಿ ಕೂಸು ಬಿಟ್ಟು ಬರಂಗಿಲ್ಲ. ನಾನೇ ಬರ್ತೀನಿ."

ಅತ್ತೆ ಬರುವುದು ನನಗೆ ಬೇಡವಾಗಿತ್ತು. ಆದರೆ ಬೇಡ ಎನ್ನಲು ಒಂದು ಸಭ್ಯವಾದ ಕಾರಣ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದಾಗಿನಿಂದ ನಾನು ಉಪವಾಸದ ಮೂರ್ತಿಯಾಗಿದ್ದೆ. ಗೌರಿ ಕಡುಬು ಬೇಯಿಸಿದ್ದಳು. ಮುಖ ತಿರುಗಿಸಿದೆ. "ಪಾಪ, ಒಂದು ಲೋಟ ಕಾಫಿಯಾದ್ರೂ ಕುಡೀರಿ" ಎಂದಳು. ಕುಡಿದೆ. ಅದು ತಣ್ಣಗಾಗಿತ್ತೆಂದು ಬಿಸಿಯಾಗಿ ಇನ್ನೊಂದು ಕೊಟ್ಟಳು. ಅದನ್ನೂ ಕುಡಿದೆ.

ಇಲ್ಲಿ ನಮ್ಮ ಸೀಮೆಯ ವಿಚಾರವಾಗಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕಾಫಿಯನ್ನು ಯಾರೂ ಹೊಟ್ಟೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಬೆಳಿಗ್ಗೆಯಿಂದ ಬಾಯಿಗೆ ಒಂದು ತೊಟ್ಟು ನೀರೂ ಬಿದ್ದಿಲ್ಲ" ಎಂದು ಗೋಳಾಡುವ ಮನುಷ್ಯನ ಕೈಯಲ್ಲೇ ಕಾಫಿ ಲೋಟ ಇರುತ್ತದೆ. ಕೇಳುವವರಿಗೂ ಅದು ಸುಳ್ಳೆನಿಸುವುದಿಲ್ಲ. ಕಾಫಿ ಗಾಳಿಯ ಹಾಗೆ. ಉಸಿರಾಡಿದಿರಾ ಎಂದು ಯಾರಾದರೂ ಕೇಳುತ್ತಾರೆಯೇ?

ಆಲ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಾಫಿ ಮಂಡಿಯ ಸಾಹುಕಾರರು ಕಂಡರು. ನಾನು ಬಿ.ಎ. ಆದ ದಿನದಿಂದ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ ದೊಡ್ಡ ಮನುಷ್ಯರು. ಮಂಡಿಯೊಳಗೆ ಕರೆದು ಬಾಳೆಹಣ್ಣು ಕೊಡಲು ಬಂದರು. ಅತ್ತೆ ನಡುವೆ ನುಗ್ಗಿ ಕೈ ಅಡ್ಡ ಹಿಡಿದರು.

"ಬೇಡಿ ಸಾಹುಕಾರ್ರೆ! ಅವನು ಇವತ್ತು ಏನೂ ತಿನ್ನಂಗಿಲ್ಲ. ಡಾಕ್ಟ್ರ ಕಟ್ಟಪ್ಪಣೆ."

"ಅಯ್ಯೋ ಪಾಪ. ಹಂಗಾದ್ರೆ ಕಾಫಿ?"

"ಕಾಫಿ ಕೊಡಿ, ಅದಕ್ಕೇನು!" ಎಂದರು ಅತ್ತೆ.

ಬಸ್ಸು ಬಂತು. ಪೆಟ್ರೋಲಿಲ್ಲದ ಕಾಲವಾದ್ದರಿಂದ ಇದ್ದಿಲಿನ ಅನಿಲದಿಂದಲೇ ಓಡಲೆಂದು ಬೆನ್ನಿಗೆ ಇದ್ದಿಲೊಲೆ ಕಟ್ಟಿಕೊಂಡು, ಕೆಮ್ಮುತ್ತ, ಬೇಜಾರಿನಿಂದ ಬಂತು. ಸಾಹುಕಾರರೂ ಅದಕ್ಕೇ ಹತ್ತಿದರು. ಸೀಟುಗಳು ಖಾಲಿ ಇದ್ದವು. ನಾನು ಕಂಬಿ ಹಿಡಿದು ನಿಂತೆ.

"ಜಾಗ ಇದೆಯಲ್ಲ ಮಾರಾಯ್ರೆ, ಕೂತ್ಕೊಳ್ಳಿ."

"ನಿಂತರೆ ಗುಡ್ಡಬೆಟ್ಟ ಚೆನ್ನಾಗಿ ಕಾಣುತ್ತೆ" ಎಂದೆ.

"ಅವನಿಗೆ ಅಲ್ಲಿ ಕುರು ಆಗಿದೆ ಸಾಹುಕಾರ್ರೆ" ಎಂದು ಅತ್ತೆ ಇಂಜಿನ್ನಿನ ಸದ್ದಿಗೂ ಮಿಗಿಲಾದ ದನಿಯಲ್ಲಿ ವಿವರಿಸಿದರು. ಮುಂದಿನ ಸೀಟಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ಮುಖ ನೋಡಿದ್ದರೆ ಸಹಿಸುತ್ತಿದ್ದೆ!

ದಾರಿಯಲ್ಲಿ ಒಂದು ಏರು ಸಿಕ್ಕಿತು. ಬಸ್ಸು ನಿಂತೇಬಿಟ್ಟಿತು. ಒಲೆ ಕೆದಕಿ, ಇದ್ದಿಲು ತುಂಬಿ, ಗಾಳಿ ಊದುವವರೆಗೆ ಪ್ರಯಾಣಿಕರೆಲ್ಲ ಪಕ್ಕದ ಗುಡಿಸಲು ಹೋಟೆಲಿಗೆ ನುಗ್ಗಿದರು. ಅಲ್ಲಿ ಏನು ಕೊಟ್ಟಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆಯೇ ತಂದು ಕೈಗಿಟ್ಟರು: "ಕುಡಿ ಮಗ. ಹಸಿದು ಮುಖ ಬಾಡಿದೆ."

ಆಸ್ಪತ್ರೆ ಮುಟ್ಟಿದಾಗ ಡಾಕ್ಟರ ಕೋಣೆಯಲ್ಲಿ ಕೋಟು ಪೇಟ ತೊಟ್ಟ ಇಬ್ಬರು ಮಹನೀಯರು ಕುಳಿತಿದ್ದರು. ಅವರನ್ನು ಕಂಡೊಡನೆ ನನ್ನ ಇಂಗ್ಲಿಷು ಜಾಗೃತವಾಯಿತು.

"ಹೊಟ್ಟೆಗೆ ಏನಾದ್ರೂ ಹಾಕಿದೀರಾ?" ಡಾಕ್ಟರು ಕೇಳಿದರು.

"ನಥಿಂಗ್ ವಾಟೆವರ್, ಸರ್!"

"ಜೊತೆಗೆ ಯಾರು ಬಂದಿದಾರೆ?"

ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಹೊಸ್ತಿಲಾಚೆ ನಿಂತಿದ್ದರು. ಬರಿಗಾಲು. ತೋಟಕ್ಕೆ ಹೋಗುವಾಗಿನ ಹಾಗೆಯೇ ಎತ್ತಿ ಕಟ್ಟಿದ ಸೀರೆ. ಬಾಯಿ ತುಂಬ ಎಲೆಅಡಿಕೆ. ಕೋಟಿನ ಮಹನೀಯರೂ ಆ ಕಡೆ ತಿರುಗಿ ನೋಡಿದರು. ಅಷ್ಟೇ ಸಾಕಾಯಿತು.

"ಜಸ್ಟ್ ಎ ಸರ್ವೆಂಟ್ ವುಮನ್ ಫ್ರಂ ದಿ ಎಸ್ಟೇಟ್, ಸರ್."

ಈಗ ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆಗ ಮಾತ್ರ ಏನೂ ಆಗಲಿಲ್ಲ. ಅತ್ತೆಗೆ ಇಂಗ್ಲಿಷು ಬಾರದು ಎಂಬ ಧೈರ್ಯ. ಆದರೆ ಡಾಕ್ಟರಿಗೆ ಕನ್ನಡ ಬರುತ್ತಿತ್ತಲ್ಲ! ಅವರು ಸಹಜವಾಗಿ ಬಾಗಿಲ ಕಡೆ ತಿರುಗಿ, "ಏನಮ್ಮ, ಇವರ ತೋಟದ ಆಳಂತೆ ನೀವು. ಅಲ್ಲೇ ಬೆಂಚಿನ ಮೇಲೆ ಕೂತಿರಿ" ಎಂದುಬಿಟ್ಟರು.

ಇವರ ತೋಟ! ನನಗೆ ಕುಂಡದಲ್ಲಿ ನೆಟ್ಟ ಒಂದು ಕಾಫಿ ಗಿಡವೂ ಇರಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಮಹಾರಾಜರ ಪಟ ನೋಡಿದೆ.

"ಹೌದು ಸ್ವಾಮಿ" ಎಂದರು ಅತ್ತೆ. "ಬುದ್ಧಿಯವರ ಜೊತೆ ಬಂದಿದೀನಿ."

ಬುದ್ಧಿಯವರು! ನಮ್ಮಲ್ಲಿ ಆಳುಗಳು ಧಣಿಗಳನ್ನು ಕರೆಯುವ ಮಾತದು. ಹುಟ್ಟಿದಾರಭ್ಯ ನನಗೆ ಬುದ್ಧಿಯೇ ಇಲ್ಲ ಎನ್ನುತ್ತಿದ್ದ ಬಾಯಿಂದ ಬಂದದ್ದು.

ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಮೂಗಿಗೆ ಬಟ್ಟೆಯ ಗವಸು ಹಿಡಿದು ಕ್ಲೋರೋಫಾರಂ ಹನಿಸಿದರು. ಎಣಿಸುತ್ತ ಹೋಗಲು ಹೇಳಿದರು. ವಿಶ್ವವಿದ್ಯಾನಿಲಯದ ಗೌರವಕ್ಕೆ ಕುಂದು ಬಾರದಂತೆ ಇಂಗ್ಲಿಷಿನಲ್ಲಿ ಎಣಿಸತೊಡಗಿದೆ. ಸಿಹಿಯಾದ ಒಂದು ವಾಸನೆ ತಲೆಗೇರಿತು. ಹೊಟ್ಟೆಯಲ್ಲಿ ಗುಡುಗಿತು. ಗೌರಿಯ ಕಾಫಿ, ಸಾಹುಕಾರರ ಕಾಫಿ, ಗುಡಿಸಲು ಹೋಟೆಲಿನ ಕಾಫಿ, ಎಲ್ಲವೂ ಒಟ್ಟಾಗಿ ಒಂದು ನಿರ್ಣಯಕ್ಕೆ ಬಂದವು.

ಡಾಕ್ಟರ ಬಿಳಿ ಅಂಗಿ ಬಿಳಿಯದಾಗಿ ಉಳಿಯಲಿಲ್ಲ!

"ಏನ್ರೀ ಇದು?" ಡಾಕ್ಟರು ಗುಡುಗಿದರು. "ನಥಿಂಗ್ ವಾಟೆವರ್ ಅಂದ್ರಿ?"

"ಕಾಫಿ ಸರ್…"

"ಕಾಫಿ ಏನು ಕಿವಿಯಿಂದ ಕುಡಿತೀರೇನ್ರೀ ಈ ಊರಿನವರು? ಗವಸಿನೊಳಗೆ ವಾಂತಿ ಉಸಿರಿಗೆ ಹೋಗಿದ್ರೆ ಹೆಣ ಆಗ್ತಿದ್ರಿ. ಖಾಲಿ ಅಂದ್ರೆ ಖಾಲಿ! ಅದಕ್ಕೇ ರೀ ಹೇಳೋದು!"

ನನಗೆ ಆಗ ಆ ನಿಯಮ ಅರ್ಥವಾಯಿತು. ಇಡೀ ಚಿಕ್ಕಮಗಳೂರಿಗೂ ಅರ್ಥವಾಗುವಷ್ಟು ಜೋರಾಗಿ ಅವರು ಹೇಳಿದ್ದರು.

ಕೊಯ್ಯುವುದು ಮಧ್ಯಾಹ್ನಕ್ಕೆ ಹೋಯಿತು. ಅಲ್ಲಿಯವರೆಗೆ ಬಾಯಿಗೆ ಒಂದು ಹನಿಯನ್ನೂ ಬಿಡಕೂಡದು. ಜಗಲಿಯ ಕಂಬಕ್ಕೊರಗಿ ನಿಂತೆ. ಬೆಂಚಿನ ತುಂಬ ರೋಗಿಗಳು, ಅವರ ಬಂಧುಗಳು. ನಡುವೆ ನಂಜತ್ತೆ, ಕೈಮುಗಿದುಕೊಂಡು ಎದ್ದು ನಿಂತರು.

"ಬುದ್ಧಿ, ಕೂತ್ಕೊಳ್ಳಿ. ಧಣಿಗಳು ನಿಂತಿರುವಾಗ ಆಳು ಕೂತರೆ ಚೆನ್ನಾಗಿರುತ್ತಾ?"

"ಅತ್ತೆ, ಸುಮ್ಮನಿರಿ" ಎಂದು ಪಿಸುಗುಟ್ಟಿದೆ.

"ಓ, ಮರೆತೆ. ನಿಮಗೆ ಕೂರೋಕೆ ಆಗಲ್ಲ ಅಲ್ವಾ ಬುದ್ಧಿ?" ಪಕ್ಕದ ಹೆಂಗಸಿಗೆ ಹೇಳಿದರು: "ನಮ್ಮ ಧಣಿಗಳು ಭಾಳ ಓದಿದಾರೆ ಕಣಮ್ಮ. ಕೂತು ಕೂತು ಓದಿ ಹಿಂಗಾಗಿದೆ."

"ಎಷ್ಟು ಎಕರೆ ತೋಟವೋ?" ಆ ಹೆಂಗಸು ಕೇಳಿದಳು.

"ನನಗೆಂತ ಗೊತ್ತು? ಧಣಿಗಳನ್ನೇ ಕೇಳಿ."

ಆಕೆ ನನ್ನನ್ನು ಕೇಳಿದಳು. ನಾನು ಕಂಬದ ಇನ್ನೊಂದು ಮಗ್ಗುಲಿಗೆ ಹೋದೆ. ಆಳಿಗೆ ಬುತ್ತಿ ಬಿಚ್ಚಲು ಅಡ್ಡಿಯೇನೂ ಇರಲಿಲ್ಲ. ಅತ್ತೆ ಗೌರಿಯ ಕಡುಬನ್ನು ನನಗೆ ಕಾಣುವಂತೆ ಇಟ್ಟುಕೊಂಡರು. ಆದರೆ ಎರಡು ತುತ್ತು ತಿಂದವರು ಮತ್ತೆ ಕಟ್ಟಿ ಪಕ್ಕಕ್ಕಿಟ್ಟುಬಿಟ್ಟರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಡೆ ನೋಡಲೂ ಇಲ್ಲ.

ಮಧ್ಯಾಹ್ನ ಮತ್ತೆ ಮೇಜು, ಮತ್ತೆ ಗವಸು, ಮತ್ತೆ ಎಣಿಕೆ. ಈ ಸಲ ಹೊಟ್ಟೆಯಲ್ಲಿ ನಿಜವಾಗಿಯೂ ನಥಿಂಗ್ ವಾಟೆವರ್. ಎಲ್ಲಿಯವರೆಗೆ ಎಣಿಸಿದೆನೋ ತಿಳಿಯದು.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಹಳದಿಯಾಗಿತ್ತು. ತಲೆ ನೀರಿನಲ್ಲಿ ತೇಲುತ್ತಿತ್ತು. ಕೆಳಗಿನ ಭಾಗದಲ್ಲಿ ಯಾರೋ ಒಂದು ದಿಂಬನ್ನು ಶಾಶ್ವತವಾಗಿ ಕಟ್ಟಿದಂತಿತ್ತು. ನರ್ಸಮ್ಮ ನಾಡಿ ಹಿಡಿದು ನಗುತ್ತಿದ್ದರು.

"ಚೆನ್ನಾಗಿ ಎಣಿಸಿದ್ರಿ. ಮೊದಲು ಇಂಗ್ಲಿಷು. ಆಮೇಲೆ ಕನ್ನಡ. ಆಮೇಲೆ ಎಣಿಸೋದೂ ಬಿಟ್ಟು, ಅತ್ತೇ, ಅತ್ತೇ, ಎಲ್ಲಿದೀಯೇ, ನಾ ಒಬ್ಬನೇ ಇದೀನಿ ಅಂತ ಒಂದೇ ಸಮ ಕೂಗಿದ್ರಿ. ಜಗಲೀಲಿದ್ದವರೆಲ್ಲ ಎದ್ದು ನಿಂತಿದ್ರು."

ನಾನು ಕಣ್ಣು ಮುಚ್ಚಿದೆ. ಮತ್ತೆ ಸ್ವಲ್ಪ ಕ್ಲೋರೋಫಾರಂ ಸಿಗಬಹುದೇ ಎಂದು ಕೇಳಬೇಕೆನಿಸಿತು.

ನನ್ನನ್ನು ನಿಲ್ಲಿಸಿ, ನಡೆಸಿ, ಬಾಯಿಗೆ ನೀರು ಕೊಟ್ಟು, ಅದು ಒಳಗೇ ಉಳಿಯಿತೆಂದು ಖಚಿತಪಡಿಸಿಕೊಂಡು ಡಾಕ್ಟರ ಕೋಣೆಗೆ ಕರೆತಂದರು. ಹೊರಗೆ ಕೊನೆಯ ಬಸ್ಸಿನ ಒಲೆ ಊದುವ ಸದ್ದು ಕೇಳುತ್ತಿತ್ತು. ಡಾಕ್ಟರು ಬೇರೆ ಅಂಗಿ ತೊಟ್ಟಿದ್ದರು.

"ಕೆಲಸ ಚೆನ್ನಾಗಿ ಆಗಿದೆ. ಕಟ್ಟು ದಿನಾ ಬದಲಾಯಿಸಿಕೊಳ್ಳಿ. ಒಂದಷ್ಟು ದಿನ ಕಚೇರೀಲಿ ನಿಂತುಕೊಂಡೇ ಬರೀರಿ. ಎಲ್ಲಿ ನಿಮ್ಮ ಮನೆಯವರು?"

"ಅತ್ತ… ಹೊರಗಿದ್ದಾರಲ್ಲ ಸರ್."

"ಅವರು ಆಳು ಅಂದ್ರಲ್ಲ. ಮನೆಯವರನ್ನ ಕರ್ಕೊಂಡು ಬನ್ನಿ ಅಂದಿದ್ದೆ, ಸಂಜೆಯೊಳಗೆ ಬರ್ತಾರೆ ಅಂದುಕೊಂಡೆ. ರಾತ್ರಿ ಕಟ್ಟು ನೆನೆದು ರಕ್ತ ಸೋರಿದ್ರೆ ನೋಡೋರು ಬೇಕು. ಸಂಬಳದ ಆಳು ನಿದ್ದೆ ಮಾಡ್ತಾಳೆ. ಸ್ವಂತದವರು ಮಾಡಲ್ಲ. ಅದಕ್ಕೇ ಆ ನಿಯಮ ಇರೋದು. ಇವತ್ತು ಇಲ್ಲೇ ಮಲಗಿ."

ಇಲ್ಲೇ ಮಲಗಿದರೆ ನಾನು ರೋಗಿ. ರೋಗಿಗೆ ಸರ್ಟಿಫಿಕೇಟಿಲ್ಲ. ಸರ್ಟಿಫಿಕೇಟಿಲ್ಲದೆ ಸೋಮವಾರವಿಲ್ಲ. ಅಷ್ಟು ವರ್ಷ ಬೀದಿ ದೀಪದಡಿ, ಹಲಗೆಯ ಮೇಲೆ, ಅರೆಹೊಟ್ಟೆಯಲ್ಲಿ ಓದಿದ್ದೆಲ್ಲ ಆ ಕೋಣೆಯ ನೆಲದ ಮೇಲೆ ಉರುಳಿಬೀಳುವುದು ಕಾಣಿಸಿತು. ಇಂಗ್ಲಿಷಿಗಾಗಿ ತಡಕಾಡಿದೆ. ಒಂದು ಶಬ್ದವೂ ಬರಲಿಲ್ಲ.

"ಸರ್, ಅವರು ಆಳಲ್ಲ. ನನ್ನ ಅತ್ತೆ. ತಂದೆಯ ಅಕ್ಕ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಬೆಳಿಗ್ಗೆ ಆಳು, ಸಂಜೆ ಅತ್ತೆ! ಬಸ್ಸು ಹೊರಡೋ ಹೊತ್ತಿಗೆ ಸಂಬಂಧ ಹುಟ್ಟುತ್ತೇನ್ರೀ?"

"ಸತ್ಯವಾಗಿಯೂ ಸರ್."

"ಕಾಫಿ ವಿಷಯದಲ್ಲೂ ಸತ್ಯವಾಗಿಯೇ ಹೇಳಿದ್ರಿ. ನನ್ನ ಅಂಗಿ ಇನ್ನೂ ಒಣಗಿಲ್ಲ."

ನನ್ನ ಬಳಿ ಬೇರೆ ಸಾಕ್ಷಿಯಿರಲಿಲ್ಲ. ಆ ಇಡೀ ಊರಿನಲ್ಲಿ ನನ್ನ ಮಾತನ್ನು ನಿಜವೆಂದು ಹೇಳಬಲ್ಲವರು ಒಬ್ಬರೇ. ನಾನು ಯಾರನ್ನು ಸುಳ್ಳು ಮಾಡಿದ್ದೆನೋ ಅವರು.

ಡಾಕ್ಟರು ಕರೆಸಿದರು. ಅತ್ತೆ ಬಂದು ಹೊಸ್ತಿಲಾಚೆಯೇ ನಿಂತರು. ಎಲೆಅಡಿಕೆ ಉಗಿದು ಬಾಯಿ ತೊಳೆದುಕೊಂಡಿದ್ದರು. ಎತ್ತಿ ಕಟ್ಟಿದ್ದ ಸೀರೆಯನ್ನು ಕಾಲು ಮುಚ್ಚುವಂತೆ ಇಳಿಸಿಕೊಂಡಿದ್ದರು. ಯಾವಾಗ ಇಳಿಸಿದರೋ ನನಗೆ ತಿಳಿಯದು. ಅದನ್ನು ನೋಡಿ ನನಗೆ ಮೇಜಿನ ಕೆಳಗೆ ಹೋಗಿ ಸೇರಿಕೊಳ್ಳೋಣ ಎನಿಸಿತು.

"ನಿಜ ಹೇಳಿ ಅಮ್ಮ, ನೀವು ಇವರಿಗೆ ಏನಾಗಬೇಕು?"

ಹೊರಗೆ ಬಸ್ಸು ಹಾರನ್ ಬಾರಿಸಿತು. ಅತ್ತೆಗೆ ಅವಸರವಿರಲಿಲ್ಲ. ನನ್ನನ್ನು ತಲೆಯಿಂದ ಕಟ್ಟಿನವರೆಗೂ, ಕಟ್ಟಿನಿಂದ ಕಾಲಿನವರೆಗೂ ನೋಡಿದರು. ಆಳು ಎಂದೇ ಹೇಳಿಬಿಟ್ಟರೆ ಅದು ನ್ಯಾಯವೇ ಆಗುತ್ತಿತ್ತು. ಅವರ ಜಾಗದಲ್ಲಿ ನಾನಿದ್ದರೆ ಹಾಗೇ ಹೇಳುತ್ತಿದ್ದೆ, ನಾನು ಪದವೀಧರ.

"ಮಧ್ಯಾಹ್ನ ಒಳಗಿಂದ ಅತ್ತೇ ಅತ್ತೇ ಅಂತ ಕೂಗಿದ್ದು ಕೇಳಿಸ್ತಲ್ಲ ಸ್ವಾಮಿ?"

"ಹೂಂ. ಕಿವಿ ಕಿತ್ತುಹೋಗೋ ಹಾಗೆ."

"ಹೊರಗೆ 'ಇಲ್ಲೇ ಇದೀನಿ ಕಣೋ' ಅಂತ ಓಗೊಟ್ಟಿದ್ದು ನಾನೇ. ಬಾಗಿಲು ತೆಗೀರಿ ಅಂತ ಬಡಿದಿದ್ದೂ ನಾನೇ."

ನರ್ಸಮ್ಮ ತಲೆಯಾಡಿಸಿದರು. "ಹೌದು ಸರ್. ಈ ಅಮ್ಮನ್ನ ಹಿಡ್ಕೊಳ್ಳೋಕೆ ಇಬ್ಬರು ಬೇಕಾಯ್ತು."

ಡಾಕ್ಟರು ಲೇಖನಿ ತೆಗೆದುಕೊಂಡರು. ಬರೆದು, ರುಜು ಹಾಕಿ, ಮೊಹರು ಒತ್ತಿದರು. ನಾನು ಕೈ ಚಾಚಿದೆ. ಅವರು ಕಾಗದವನ್ನು ನನ್ನ ಕೈ ದಾಟಿಸಿ ಅತ್ತೆಯ ಮುಂದೆ ಹಿಡಿದರು.

"ನಿಮ್ಮ ಹತ್ತಿರ ಇರಲಿ ಅಮ್ಮ. ಇವರಿಗೆ ಕ್ಲೋರೋಫಾರಂ ಅಮಲು ಪೂರ್ತಿ ಇಳಿಯೋಕೆ ನಾಳೆ ಆಗುತ್ತೆ. ಅಲ್ಲಿವರೆಗೆ ಕಾಗದಪತ್ರ ಏನೂ ಕೈಗೆ ಕೊಡಬೇಡಿ."

ಅತ್ತೆ ಎರಡೂ ಕೈ ಚಾಚಿ ಕಾಗದವನ್ನು ಇಸಿದುಕೊಂಡರು. ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿ, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದರು.

"ಬೇಗ ಹೊರಡ್ತೀವಿ ಸ್ವಾಮಿ" ಎಂದರು. "ಪೂರ್ತಿ ಎಚ್ಚರ ಆಗೋದ್ರೊಳಗೆ ಮನೆ ಸೇರಿಸಿಬಿಡಬೇಕು. ಎಚ್ಚರ ಆಯ್ತು ಅಂದ್ರೆ ನಾನು ಮತ್ತೆ ಇವನಿಗೆ ಆಳು!"